ಇಲ್ಲದ ಕನ್ನಡಕ

"ಅಪ್ಪಾ, ನಿಂಗೆ ಕನ್ನಡ್ಕ ಎಲ್ಲೈತೆ?"

ಸೋಮವಾರದಿಂದ ಇದೊಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. ಕೇಳಿದ್ದು ಮೂರನೇ ಕ್ಲಾಸಿನ ಮಗ, ಅದೂ ಅವನ ಮೇಡಂ ಎದುರಿಗೇ. ಅವರು ಒಂದು ಫಾರಂ ಕೊಟ್ಟು ತುಂಬಿಕೊಡಿ ಅಂದರು. ನಾನು ಎಂದಿನಂತೆ ಜೇಬು ತಡವಿ, "ಅಯ್ಯೋ, ಕನ್ನಡಕ ಅಂಗಡೀಲೇ ಬಿಟ್ಟುಬಂದೆ" ಅಂದೆ. ಬ್ಯಾಂಕು, ಆಸ್ಪತ್ರೆ, ಪಂಚಾಯಿತಿ, ಎಲ್ಲ ಕಡೆ ಇಪ್ಪತ್ತು ವರ್ಷ ನಡೆದ ನಾಣ್ಯ ಅದು. ನನಗೆ ಕನ್ನಡಕವೇ ಇಲ್ಲ.

ಅದಕ್ಕೂ ಮೊದಲು ಅವನ ನೋಟ್‌ಬುಕ್ ತೆರೆದು ತೋರಿಸಿದ್ದರು. ನಾನು ಅಕ್ಷರ ಕೂಡಿಸುವಷ್ಟರಲ್ಲಿ ಅವರೇ ಓದಿ ಹೇಳಿದರು: 'ಸೂರ್ಯ' ಇರಬೇಕಾದಲ್ಲೆಲ್ಲ 'ಸೂಯ್ರ'. ನಗು ಬಂತು, ಹಿಂದೆಯೇ ಹೊಟ್ಟೆಯೊಳಗೆ ಏನೋ ಕಲಸಿತು. ಬಾಯಲ್ಲಿ ಮೊದಲು ಬರುವ ರಕಾರವನ್ನು ಅರ್ಕಾವತ್ತು ಮಾಡಿ ಅಕ್ಷರದ ಬೆನ್ನಿಗೆ ನೇತುಹಾಕುವ ಲೆಕ್ಕ ನನಗೆ ಇವತ್ತಿಗೂ ಹತ್ತಿಲ್ಲ.

ಇದೇ ತಪ್ಪಿಗೆ ನಮ್ಮ ಮೇಷ್ಟ್ರು ಹುಣಸೆ ಕೋಲಿನಲ್ಲಿ ಬಾರಿಸುತ್ತಿದ್ದರು. "ಅಪ್ಪ ಕುಡುಕ, ಮಗ ದಡ್ಡ" ಅಂದರೆ ಇಡೀ ಕ್ಲಾಸು ನಗುತ್ತಿತ್ತು. ಅವರು ಕೆಟ್ಟವರೇನಲ್ಲ ಅಂತ ಊರವರು ಹೇಳುತ್ತಾರೆ. ಇರಬಹುದು, ನನಗಂತೂ ಹಾಗನ್ನಿಸಿಲ್ಲ. ಅವ್ವ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೂಲಿ ಮುಗಿಸಿ ಬಂದು, ಬುಡ್ಡಿ ದೀಪದ ಮುಂದೆ "ಓದಪ್ಪ" ಅಂತ ಕೂರುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ನಾನು ಪುಸ್ತಕ ಹಿಡಿದು ಬಾಯಿಗೆ ಬಂದ ಕತೆ ಹೇಳುತ್ತಿದ್ದೆ. ಎಷ್ಟು ಚೆನ್ನಾಗಿ ಓದ್ತಾನೆ ನನ್ನ ಮಗ ಅಂತ ಪಕ್ಕದ ಮನೆಗೂ ಹೇಳಿ ಬರುತ್ತಿದ್ದಳು. ಆ ಸುಳ್ಳೇ ಮುಂದೆ ಕನ್ನಡಕವಾಯಿತು.

1996ರಲ್ಲಿ ಏಳನೇ ಕ್ಲಾಸಿಗೇ ಬಿಟ್ಟು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಸೇರಿದೆ. 36 ಸ್ಲಾಟಿನ ಸುಟ್ಟ ಮೋಟಾರು ಬಿಚ್ಚಿದರೆ ಯಾವ ಕಾಯಿಲ್ ಎಲ್ಲಿಂದ ಎಲ್ಲಿಗೆ, ಎಷ್ಟು ಸುತ್ತು ಅಂತ ಚೀಟಿಯಿಲ್ಲದೆ ನೆನಪಿಡುತ್ತೇನೆ. ಏನು ತಲೆ ಅನ್ನುತ್ತಾರೆ ಜನ. ಬರೆದಿಟ್ಟರೆ ಆಮೇಲೆ ಓದಬೇಕಲ್ಲ, ಆ ಹೆದರಿಕೆಗೆ ಬೆಳೆದ ನೆನಪು ಅದು. ಇದನ್ನೂ ಫೋನಿಗೆ ಬಾಯಲ್ಲೇ ಹೇಳಿ ಬರೆಸುತ್ತಿದ್ದೇನೆ.

"ನಿಮ್ಮ ಹುಡುಗ ದಡ್ಡ ಅಲ್ಲ ಸರ್" ಅಂದರು ಮೇಡಂ. ಡಿಸ್ಲೆಕ್ಸಿಯಾ ಇರಬಹುದು, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಮಾತ್ರ ಕಷ್ಟವಾಗುವ ತೊಂದರೆ, ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ತೋರಿಸಿ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಕೊಡ್ತಾರೆ ಅಂತೆಲ್ಲ ಬಿಡಿಸಿ ಹೇಳಿದರು. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ನಾನು 2016ರಲ್ಲಿ 1996 ಕಳೆಯುತ್ತಾ ಕೂತಿದ್ದೆ. ಲೆಕ್ಕ ಮಾತ್ರ ನನಗೆ ತಪ್ಪುವುದಿಲ್ಲ.

ಆಮೇಲೆ ಫಾರಂ, ಆಮೇಲೆ ಅವನ ಪ್ರಶ್ನೆ. ಅಣಕವಿರಲಿಲ್ಲ ಅದರಲ್ಲಿ. ಹೇಳಿದರೆ ಅಂಗಡಿಗೆ ಓಡಿಹೋಗಿ ತಂದುಕೊಡುವವನ ಹಾಗೆ ಎದ್ದು ನಿಂತೇ ಕೇಳಿದ್ದ.

ರಾತ್ರಿ ಹೆಂಡತಿ ಫಾರಂ ತುಂಬಲು ಕೂತಳು. "ಮನೆಯಲ್ಲಿ ಬೇರೆ ಯಾರಿಗಾದರೂ ಓದು ಬರಹದ ತೊಂದರೆ ಇದೆಯೇ?" ಅಂತ ಓದಿ, ಪೆನ್ನು ಎತ್ತಿಹಿಡಿದು ನನ್ನ ಕಡೆ ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷ. ಇವಳು ಒಂದು ದಿನವೂ ಕನ್ನಡಕ ಎಲ್ಲಿ ಅಂತ ಕೇಳಿದವಳಲ್ಲ.

"ಬರಿ," ಅಂದೆ, "ಅಪ್ಪನಿಗೆ ಅಂತ."