ದಶಮಾಂಶ ಕೊಟ್ಟ ಮೇಲೂ ಬಡವರಿಗೆ ಬೇರೆ ಕೊಡಬೇಕಾ?

ಅಡಿಕೆ ಕೊಯ್ಲು ಮುಗಿದು ಮಂಡಿಯ ದುಡ್ಡು ಕೈಗೆ ಬರುವ ಹೊತ್ತಿಗೆ ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಕ್ರೈಸ್ತ ಬೆಳೆಗಾರರು ಪದೇ ಪದೇ ಕೇಳುವ ಪ್ರಶ್ನೆ ಇದು: "ಹತ್ತರಲ್ಲೊಂದು ಪಾಲು ಚರ್ಚಿಗೆ ಕೊಟ್ಟಾಯ್ತು. ಉಳಿದದ್ದು ನಮ್ಮದೇ ಅಲ್ವಾ? ಬಡವರಿಗೆ ಅಂತ ಮತ್ತೆ ಬೇರೆ ಕೊಡಬೇಕಾ?"

ಕೊಡಬೇಕು. ಅಷ್ಟೇ ಅಲ್ಲ, ದಶಮಾಂಶದ ಲೆಕ್ಕಕ್ಕೆ ಕೂರುವ ಮೊದಲೇ ತೀರಿಸಬೇಕಾದ ಬಾಬ್ತುಗಳಿವೆ. ಪುದೀನ, ಜೀರಿಗೆಯಲ್ಲೂ ಹತ್ತನೇ ಪಾಲು ತೆಗೆದಿಟ್ಟು ನ್ಯಾಯ, ದಯೆ, ನಂಬಿಗಸ್ತಿಕೆಯನ್ನು ಕೈಬಿಟ್ಟವರಿಗೆ ಯೇಸುಸ್ವಾಮಿ ಛೀಮಾರಿ ಹಾಕಿದ್ದು ಮತ್ತಾಯ 23:23ರಲ್ಲಿದೆ. ದಶಮಾಂಶ ಬೇಡ ಎಂದು ಆತ ಹೇಳಲಿಲ್ಲ. ಅದನ್ನೂ ಬಿಡದೆ ಇದನ್ನು ಮಾಡಬೇಕಿತ್ತು ಎಂದ.

ಮೊದಲ ಬಾಬ್ತು ಕೂಲಿ. ಬಡ ಕೂಲಿಯವನ ಸಂಬಳವನ್ನು ಅದೇ ದಿನ, ಹೊತ್ತು ಮುಳುಗುವುದರೊಳಗೆ ಕೊಡಬೇಕು; ಅವನು ನಿಮ್ಮವನಾಗಲಿ ಪರದೇಶದವನಾಗಲಿ ಎನ್ನುತ್ತದೆ ಧರ್ಮೋಪದೇಶಕಾಂಡ 24:14-15. ನಮ್ಮಲ್ಲಿ ಏನಾಗುತ್ತದೆ ನೋಡಿ. ಕೊನೆಗಾರ ಮರ ಹತ್ತಿ ಕೊನೆ (ಅಡಿಕೆಯ ಗೊನೆ) ಇಳಿಸುತ್ತಾನೆ, ಹೆಂಗಸರು ರಾತ್ರಿ ಹತ್ತರವರೆಗೆ ಕೂತು ಸುಲಿಯುತ್ತಾರೆ. ಡಬ್ಬದ ಲೆಕ್ಕವೋ ಕೆಜಿ ಲೆಕ್ಕವೋ, ಪುಸ್ತಕದಲ್ಲಿ ಬರೆದಿಟ್ಟು "ಮಂಡಿ ದುಡ್ಡು ಬರಲಿ, ಒಟ್ಟಿಗೆ ಕೊಡ್ತೀನಿ" ಅನ್ನುತ್ತೇವೆ. ಆಮೇಲೆ ರೇಟು ಏರಲಿ ಎಂದು ಮಾಲನ್ನು ಮಂಡಿಯಲ್ಲೇ ಬಿಡುತ್ತೇವೆ. ಅಡಿಕೆ ದಾಸ್ತಾನು ಮಾಡುವುದು ತಪ್ಪಲ್ಲ. ಅಡಿಕೆ ಸಿಗದೆ ಯಾರೂ ಹಸಿವಿನಿಂದ ಸಾಯುವುದಿಲ್ಲ. ನಾಲ್ಕನೇ ಶತಮಾನದಲ್ಲಿ ಕೈಸರೇಯದ ಸಂತ ಬೆಸಿಲ್ ಬರಗಾಲದಲ್ಲಿ ಕಣಜ ತುಂಬಿಟ್ಟುಕೊಂಡ ಸಿರಿವಂತರನ್ನು ಕಟುವಾಗಿ ಖಂಡಿಸಿದ್ದು ಧಾನ್ಯದ ವಿಷಯಕ್ಕೆ. ಆದರೆ ಸುಲಿದವಳ ಕೂಲಿಯನ್ನು ದಾಸ್ತಾನಿನ ಜೊತೆ ಹಿಡಿದಿಟ್ಟರೆ, ನಮ್ಮ ರೇಟಿನ ಜೂಜಿಗೆ ಬಂಡವಾಳ ಹಾಕಿದವಳು ಅವಳೇ ಆದಳು. ಕೊಯ್ಲಿನವರಿಗೆ ತಡೆಹಿಡಿದ ಕೂಲಿ ಕೂಗುತ್ತದೆ ಎಂದು ಯಾಕೋಬನು ತನ್ನ ಪತ್ರಿಕೆಯ 5:4ರಲ್ಲಿ ಬರೆದದ್ದು ಇದಕ್ಕೇ. ಕೊಯ್ಲು ಶುರುವಾಗುವ ಮೊದಲೇ ಕನಿಷ್ಠ ಎರಡು ವಾರದ ಕೂಲಿಯ ನಗದು ಕೈಯಲ್ಲಿರಲಿ. ಇಲ್ಲದಿದ್ದರೆ ಸೊಸೈಟಿಯಲ್ಲಿ ಸಾಲ ಎತ್ತಿ. ಅದರ ಬಡ್ಡಿ ತೋಟದ ಖರ್ಚು.

ಎರಡನೆಯದು ಸಾಲ. ಮಳೆಗಾಲದಲ್ಲಿ ಕೂಲಿಯವರಿಗೆ ಮುಂಗಡ ಕೊಟ್ಟು ಕೊಯ್ಲಿನಲ್ಲಿ ಮುರಿದುಕೊಳ್ಳುವ ರೂಢಿಯಿದೆ. ಬಡವನಿಗೆ ಕೊಟ್ಟ ಕೈಗಡಕ್ಕೆ ಬಡ್ಡಿ ಕೂಡದು, ಒತ್ತೆ ಇಟ್ಟುಕೊಂಡ ಹೊದಿಕೆಯನ್ನು ಸಂಜೆಯೊಳಗೆ ಹಿಂದಿರುಗಿಸಬೇಕು ಎನ್ನುತ್ತದೆ ವಿಮೋಚನಕಾಂಡ 22:25-27. ಪಡಿತರ ಚೀಟಿ, ಪಾಸ್‌ಬುಕ್, ಎಟಿಎಂ ಕಾರ್ಡ್ ಇಟ್ಟುಕೊಂಡು ಸಾಲ ಕೊಡುವುದು ಇವತ್ತಿನ ಹೊದಿಕೆ ಕಿತ್ತುಕೊಳ್ಳುವಿಕೆ. ಮುಂಗಡಕ್ಕಾಗಿ "ಬೇರೆ ತೋಟಕ್ಕೆ ಹೋಗಬಾರದು" ಎಂದು ಕಟ್ಟಿಹಾಕಿದರೆ ಅದು ಜೀತ; 1976ರಿಂದ ಕಾನೂನೂ ಅದನ್ನು ನಿಷೇಧಿಸಿದೆ.

ಮೂರನೆಯದೇ ಬಡವರ ಪಾಲು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಉದುರಿದ್ದನ್ನು ಆಯಬೇಡ, ಅದು ಬಡವರಿಗೂ ಪರದೇಶದವರಿಗೂ ಇರಲಿ ಎನ್ನುತ್ತದೆ ಯಾಜಕಕಾಂಡ 19:9-10. ಎಷ್ಟು ಬಿಡಬೇಕೆಂದು ಮೋಶೆಯ ನಿಯಮ ಅಳತೆ ಹೇಳುವುದಿಲ್ಲ. ಆಮೇಲಿನ ಯೆಹೂದಿ ಗುರುಗಳು ಅರವತ್ತರಲ್ಲೊಂದಕ್ಕಿಂತ ಕಡಿಮೆ ಇರಬಾರದು ಎಂದು ಗೊತ್ತುಮಾಡಿದರು. ಸಾವಿರದ ಇನ್ನೂರು ಮರದ ತೋಟಕ್ಕೆ ಅದು ಇಪ್ಪತ್ತು ಮರ.

ಇಪ್ಪತ್ತು ಮರವನ್ನು ನಿಜವಾಗಿಯೇ ಗುರುತು ಮಾಡಿ ಬಿಡಬಹುದು. ಆದರೆ ಅಡಿಕೆ ಜವೆಗೋಧಿಯಲ್ಲ. ಬೈಬಲಿನ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಬಗ್ಗಿ ತೆನೆ ಆಯ್ದ ಹಾಗೆ ಯಾವ ವಿಧವೆಯೂ ಮರ ಹತ್ತಿ ಕೊನೆ ಇಳಿಸಲಾರಳು. ಹಸಿ ಅಡಿಕೆ ಕೊಟ್ಟು ಕಳಿಸಿದರೆ ಅವಳ ಮನೆಯಲ್ಲಿ ಬೇಯಿಸುವ ಹಂಡೆಯಿಲ್ಲ, ಬಣ್ಣ ಕಟ್ಟುವ ಚೊಗರಿಲ್ಲ, ಒಣಗಿಸುವ ಅಂಗಳವಿಲ್ಲ. ತಡವಾದರೆ ಅಡಿಕೆ ಕೆಟ್ಟು ವ್ಯಾಪಾರಿ ಕೇಳಿದ ಬೆಲೆಗೆ ಹೋಗುತ್ತದೆ. ಹಾಗಾಗಿ ಆ ಮರಗಳ ಕೊನೆಗಾರನ ಕೂಲಿ ನೀವೇ ಕೊಡಿ, ನಿಮ್ಮ ಹಂಡೆಯಲ್ಲೇ ಬೇಯಿಸಿ, ಬೇರೆ ಚೀಲದಲ್ಲಿ ತುಂಬಿಸಿ, ನಿಮ್ಮ ಮಾಲಿನ ಜೊತೆಗೇ ಮಂಡಿಗೆ ಹಾಕಿ, ಬಂದ ಹಣವನ್ನು ಅಂಥವರಿಗೆಂದೇ ಬೇರೆಯಾಗಿಡಿ. ಕೊಳೆರೋಗ ಬಂದ ಸಾಲನ್ನೋ ಎಲೆಚುಕ್ಕೆಗೆ ಸೊರಗಿದ ಮರಗಳನ್ನೋ ಬಡವರ ಪಾಲೆಂದು ಗುರುತಿಸಬೇಡಿ. ಕುರುಡು, ಕುಂಟು ಪಶುಗಳನ್ನು ಕಾಣಿಕೆಗೆ ತಂದವರನ್ನು ಪ್ರವಾದಿ ಮಲಾಕಿಯನು ಗದರಿಸಿದ್ದು ನೆನಪಿರಲಿ.

ಈಗ ಲೆಕ್ಕ. ಮರಕ್ಕೆ ಒಂದೂವರೆ ಕೆಜಿಯಂತೆ 18 ಕ್ವಿಂಟಾಲ್ ಕೆಂಪಡಿಕೆ, ಕ್ವಿಂಟಾಲಿಗೆ ಸುಲಭಕ್ಕೆ 50,000 ಎಂದಿಟ್ಟುಕೊಳ್ಳಿ. ಒಟ್ಟು 9 ಲಕ್ಷ. ಅಂಚಿನ ಪಾಲು 15,000 ಇಲ್ಲೇ, ಒಟ್ಟು ಮೊತ್ತದಲ್ಲೇ ತೆಗೆಯಿರಿ. ಅಂಚಿನ ಬೆಳೆ ಯಜಮಾನನ ಕಣಕ್ಕೆ ಬರುತ್ತಲೇ ಇರಲಿಲ್ಲ. ಆಮೇಲೆ ಕೂಲಿ, ಗೊಬ್ಬರ, ಬೋರ್ಡೋ ದ್ರಾವಣ ಎಂದು 3 ಲಕ್ಷ ಕಳೆಯಿರಿ. ಉಳಿದ 5,85,000ದಲ್ಲಿ ದಶಮಾಂಶ 58,500. ಕಾರಿನ ಕಂತು, ಮದುವೆ ಖರ್ಚನ್ನು ಮೊದಲೇ ಕಳೆದರೆ ದಶಮಾಂಶಕ್ಕೆ ಏನೂ ಉಳಿಯುವುದಿಲ್ಲ, ಬಹಳ ಮನೆಗಳಲ್ಲಿ ಆಗುವುದೇ ಅದು.

ದಶಮಾಂಶವೆಲ್ಲ ಚರ್ಚಿನ ಕಟ್ಟಡಕ್ಕೆ ಎಂಬುದೂ ಸರಿಯಲ್ಲ. ಮೂರು ವರ್ಷಕ್ಕೊಮ್ಮೆ ಅದನ್ನು ಊರಲ್ಲೇ ಕೂಡಿಟ್ಟು ಲೇವಿಯರು (ದೇವರ ಸೇವೆಗೆ ಮೀಸಲಾದ ಕುಲದವರು), ಪರದೇಶದವರು, ಅನಾಥರು, ವಿಧವೆಯರು ಉಂಡು ತೃಪ್ತರಾಗಲು ಬಿಡಬೇಕಿತ್ತು (ಧರ್ಮೋಪದೇಶಕಾಂಡ 14:28-29). ಕಥೋಲಿಕರಿಗೆ ಹತ್ತನೇ ಪಾಲಿನ ಕಡ್ಡಾಯವಿಲ್ಲ, ಆದರೆ 1983ರ ಧರ್ಮಸಭೆಯ ಕಾನೂನು ಸಂಹಿತೆಯ 222ನೇ ಕಟ್ಟಳೆ ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತದೆ: ಚರ್ಚಿನ ಅಗತ್ಯಕ್ಕೆ ನೆರವಾಗಬೇಕು, ಸ್ವಂತ ಗಳಿಕೆಯಿಂದ ಬಡವರಿಗೂ ನೆರವಾಗಬೇಕು. ಒಂದು ಕೊಟ್ಟರೆ ಇನ್ನೊಂದು ತೀರುವುದಿಲ್ಲ.

ಯಾವಾಗ ಕೊಡಬೇಕು ಎಂಬುದನ್ನು ಯಾರೂ ಕೇಳುವುದಿಲ್ಲ. ಮಲೆನಾಡಿನಲ್ಲಿ ಅದೇ ದೊಡ್ಡ ಪ್ರಶ್ನೆ. ನಾವು ಕ್ರಿಸ್ಮಸ್‌ಗೆ ಅಕ್ಕಿ, ಕಂಬಳಿ ಹಂಚುತ್ತೇವೆ. ಡಿಸೆಂಬರ್ ಕೊಯ್ಲಿನ ಕಾಲ, ಕೂಲಿಯವರ ಕೈಗೆ ಕೆಲಸವಿರುವ ತಿಂಗಳು. ಒಲೆ ತಣ್ಣಗಾಗುವುದು ಆರಿದ್ರಾ, ಪುನರ್ವಸು, ಪುಷ್ಯ ಮಳೆಯಲ್ಲಿ. ನಾಟಿಯ ಕೆಲವು ದಿನ ಬಿಟ್ಟರೆ ಕೆಲಸವಿಲ್ಲ, ಸೌದೆ ಒದ್ದೆ, ಮಾಡು ಸೋರುತ್ತದೆ, ಮಕ್ಕಳ ಶಾಲೆಯ ಖರ್ಚೂ ಆಗಲೇ. ಅಂಚಿನ ಪಾಲಿನ 15,000ವನ್ನು ಬೇರೆ ಖಾತೆಯಲ್ಲಿಟ್ಟು ಮೇ ಕೊನೆಗೆ ಟಾರ್ಪಾಲು, ಜೂನ್‌ನಲ್ಲಿ ಶಾಲೆಯ ಖರ್ಚು, ಜುಲೈ-ಆಗಸ್ಟ್‌ನಲ್ಲಿ ದಿನಸಿ ಎಂದು ಹಂಚಿದರೆ ಎರಡು ಮನೆಗಾದರೂ ಮಳೆಗಾಲ ದಾಟುತ್ತದೆ. ಅಂಥ ಮನೆಗಳು ಆಗ ಬಡ್ಡಿಯ ಮುಂಗಡಕ್ಕೆ ಕೈಯೊಡ್ಡುವುದೂ ಕಡಿಮೆಯಾದೀತು.

ಕೊಡುವಾಗ ಫೋಟೋ ಬೇಡ, ಸಾಲಿನಲ್ಲಿ ನಿಲ್ಲಿಸುವುದು ಬೇಡ. ರೂತಳಿಗಾಗಿ ಸಿವುಡಿನಿಂದ ತೆನೆ ಎಳೆದು ಬಿಡಿ, ಅವಳನ್ನು ಗದರಬೇಡಿ ಎಂದು ಬೋವಜ ಆಳುಗಳಿಗೆ ಹೇಳಿದ್ದ. ಪರದೇಶದವರನ್ನು ನಿಯಮ ಮತ್ತೆ ಮತ್ತೆ ಜೊತೆಗೇ ಹೆಸರಿಸುವುದರಿಂದ ಬಯಲುಸೀಮೆಯಿಂದ, ಅಸ್ಸಾಂನಿಂದ ಬಂದ ಕೂಲಿಯವರೂ ಲೆಕ್ಕದಲ್ಲಿರಲಿ. ಯಾವ ಧರ್ಮ ಎಂದು ಕೇಳಿ ಕೊಡುವುದು, ಚರ್ಚಿಗೆ ಬರಲಿ ಎಂದು ಕೊಡುವುದು ದಯೆಯಲ್ಲ, ವ್ಯಾಪಾರ.

ಕೊಳೆ ಬಂದು ಫಸಲೇ ಹೋದ ವರ್ಷ ಏನು ಮಾಡುವುದು? ಇಲ್ಲದ್ದನ್ನಲ್ಲ, ಇದ್ದದ್ದಕ್ಕೆ ತಕ್ಕಂತೆ ಕೊಡಿ, ಇತರರಿಗೆ ಸುಖ ನಿಮಗೆ ಸಂಕಟ ಆಗಬೇಕೆಂದಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರಿಕೆಯ 8ನೇ ಅಧ್ಯಾಯದಲ್ಲಿದೆ. ಆ ವರ್ಷ ದಶಮಾಂಶ ಸೊನ್ನೆಯಾದರೂ ಆಗಲಿ. ಇಪ್ಪತ್ತು ಮರದಲ್ಲಿ ಎಷ್ಟು ಬಂತೋ ಅಷ್ಟೇ ಅವರದು. ಕೂಲಿ ಮಾತ್ರ ಪೂರ್ತಿ, ಅದೇ ಸಂಜೆ.