ಕೊನೆಗೆ ಮಾಡೋ ಕೆಲಸ ಯಾವುದು?

ಕಲನಶಾಸ್ತ್ರದಲ್ಲಿ (ಕ್ಯಾಲ್ಕ್ಯುಲಸ್) ಡೆರಿವೇಟಿವ್ ಅಂದರೆ ಒಂದು ಫಂಕ್ಷನ್ ಎಷ್ಟು ವೇಗವಾಗಿ ಬದಲಾಗುತ್ತದೆ ಅನ್ನೋ ಲೆಕ್ಕ. ಅದರ ಸೂತ್ರಗಳನ್ನು ಬಾಯಿಪಾಠ ಮಾಡಿಸುವವರಿಗೆ ಕೊರತೆಯಿಲ್ಲ. ನಮ್ಮ ಗಣಿತದ ಮೇಡಂ ಸೂತ್ರಕ್ಕಿಂತ ಮೊದಲು ಒಂದು ಪ್ರಶ್ನೆ ಕಲಿಸಿದರು. ಬೋರ್ಡ್ ಮೇಲೆ ಫಂಕ್ಷನ್ ಬರೆದು ನಮ್ಮ ಕಡೆ ತಿರುಗುತ್ತಿದ್ದರು. "ಎಕ್ಸ್ ಜಾಗದಲ್ಲಿ 2 ಹಾಕಿ ಬೆಲೆ ಕಂಡುಹಿಡೀರಿ. ಎಲ್ಲಕ್ಕಿಂತ ಕೊನೆಗೆ ಮಾಡೋ ಕೆಲಸ ಯಾವುದು?"

ಅಷ್ಟೇ ಪ್ರಶ್ನೆ. ಯಾವ ನಿಯಮ ಹಾಕಬೇಕು ಅನ್ನೋ ಗೊಂದಲಕ್ಕೆ ಅದರಲ್ಲೇ ಉತ್ತರ ಇತ್ತು.

ಎಕ್ಸ್ ಸ್ಕ್ವೇರ್ ಇಂಟು ಸೈನ್ ಎಕ್ಸ್ ತಗೊಳ್ಳಿ. ವರ್ಗ ಒಂದು ಕಡೆ, ಸೈನ್ ಇನ್ನೊಂದು ಕಡೆ, ಕೊನೆಗೆ ಗುಣಾಕಾರ. ಹಾಗಾಗಿ ಪ್ರಾಡಕ್ಟ್ ರೂಲ್, ಅಂದರೆ ಗುಣಾಕಾರದ ನಿಯಮ. ಸೈನ್ ಆಫ್ ಎಕ್ಸ್ ಸ್ಕ್ವೇರ್ ಆದರೆ? ಮೊದಲು ವರ್ಗ, ಕೊನೆಗೆ ಸೈನ್. ಇದು ಚೈನ್ ರೂಲ್, ಅಂದರೆ ಒಂದು ಫಂಕ್ಷನ್ ಒಳಗೆ ಇನ್ನೊಂದಿದ್ದರೆ ಹಾಕುವ ನಿಯಮ. ಸೈನ್ ಹೋಗಿ ಕಾಸ್ ಬರುತ್ತದೆ, ಒಳಗಿನ ಎಕ್ಸ್ ಸ್ಕ್ವೇರ್ ಹಾಗೇ ಉಳಿಯುತ್ತದೆ, ಅದಕ್ಕೆ 2 ಎಕ್ಸ್ ಗುಣಿಸಬೇಕು. ಸೈನ್ ಸ್ಕ್ವೇರ್ ಎಕ್ಸ್‌ನಲ್ಲಿ ಕ್ರಮ ತಿರುಗುಮುರುಗು. ವರ್ಗ ಮಾಡುವುದು ಕೊನೆಗೆ. ಆದ್ದರಿಂದ ಉತ್ತರ 2 ಸೈನ್ ಎಕ್ಸ್ ಕಾಸ್ ಎಕ್ಸ್. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಫಂಕ್ಷನ್‌ಗಳು, ಉತ್ತರ ಮಾತ್ರ ಪೂರ್ತಿ ಬೇರೆ.

ಪ್ರಾಡಕ್ಟ್ ರೂಲ್ ಹೇಳಿಕೊಟ್ಟ ದಿನವನ್ನು ಸ್ವಲ್ಪ ವಿವರವಾಗಿ ಬರೆಯಲೇಬೇಕು. ಎರಡು ಡೆರಿವೇಟಿವ್‌ಗಳನ್ನು ಗುಣಿಸಿದರೆ ಸಾಕಲ್ವಾ ಎಂದು ತರಗತಿಯಲ್ಲಿ ಯಾರೋ ಕೇಳಿದರು. ಮೇಡಂ ಮುಖದಲ್ಲಿ ಖುಷಿ ಕಾಣಿಸಿತು. ಕಲನಶಾಸ್ತ್ರ ಕಟ್ಟಿದ ಲೈಬ್ನಿಟ್ಜ್ ಕೂಡ 1675ರ ನವೆಂಬರ್‌ನ ಟಿಪ್ಪಣಿಗಳಲ್ಲಿ ಇದೇ ಪ್ರಶ್ನೆ ಹಾಕಿಕೊಂಡಿದ್ದ, ಅದೇ ತಿಂಗಳು ಸರಿಯಾದ ನಿಯಮಕ್ಕೆ ಬಂದಿದ್ದ ಎಂದರು. ಅದು ಅಚ್ಚಾಗಿದ್ದು 1684ರಲ್ಲಿ.

ಆಮೇಲೆ ಪರೀಕ್ಷೆ ಮಾಡಿಸಿದರು. ಎಕ್ಸ್ ಸ್ಕ್ವೇರ್ ಇಂಟು ಎಕ್ಸ್ ಕ್ಯೂಬ್ ಅಂದರೆ ಎಕ್ಸ್ ಪವರ್ 5. ಡೆರಿವೇಟಿವ್ 5 ಎಕ್ಸ್ ಪವರ್ 4 ಬರಬೇಕು. 2 ಎಕ್ಸ್ ಅನ್ನು 3 ಎಕ್ಸ್ ಸ್ಕ್ವೇರ್‌ನಿಂದ ಗುಣಿಸಿದರೆ ಬರುವುದು 6 ಎಕ್ಸ್ ಕ್ಯೂಬ್. ಘಾತವೇ ತಪ್ಪು!

ಹಾಗಾದರೆ ಸರಿಯಾದ್ದು ಎಲ್ಲಿಂದ ಬಂತು? ಒಂದು ಆಯತ ಬರೆದರು. ಉದ್ದ ಯು, ಅಗಲ ವಿ. ಎರಡೂ ಚೂರು ಚೂರು ಬೆಳೆಯುತ್ತಿವೆ. ಉದ್ದ ಬೆಳೆದದ್ದಕ್ಕೆ ಪಕ್ಕದಲ್ಲಿ ಒಂದು ಪಟ್ಟಿ, ಅಗಲ ಬೆಳೆದದ್ದಕ್ಕೆ ಮೇಲೊಂದು ಪಟ್ಟಿ. ಮೂಲೆಯಲ್ಲಿ ಪುಟಾಣಿ ಆಯತ. ಬೆಳವಣಿಗೆ ಸೊನ್ನೆಯ ಹತ್ತಿರ ಹೋದಂತೆ ಆ ಮೂಲೆ ಪಟ್ಟಿಗಳಿಗಿಂತ ಬಹಳ ಬೇಗ ಕರಗುತ್ತದೆ. ಉಳಿಯುವುದು ಎರಡು ಪಟ್ಟಿ, ಎರಡು ಪದ: ವಿ ಇಂಟು ಯು ಡೆರಿವೇಟಿವ್, ಅದಕ್ಕೆ ಕೂಡಿಸಿದ ಯು ಇಂಟು ವಿ ಡೆರಿವೇಟಿವ್. ಡೆರಿವೇಟಿವ್‌ಗಳನ್ನು ಸುಮ್ನೆ ಗುಣಿಸುವವರು ಆ ಮೂಲೆಯನ್ನು ಇಟ್ಟುಕೊಂಡು ಪಟ್ಟಿಗಳನ್ನು ಬಿಡುತ್ತಾರೆ ಎಂದು ತೋರಿಸಿದಾಗ ಇಡೀ ತರಗತಿಗೆ ಅರ್ಥವಾಯಿತು. ಕಲನಶಾಸ್ತ್ರದಲ್ಲಿ ನಾನು ನೋಡಿದ ಅತಿ ಚೆಂದದ ಚಿತ್ರ ಇವತ್ತಿಗೂ ಅದೇ.

ಚೈನ್ ರೂಲ್‌ಗೆ ಇಷ್ಟು ಹೊತ್ತು ಬೇಕಾಗಲಿಲ್ಲ. ವೈ ಬೆಳೆಯುವ ವೇಗ ಯುಗಿಂತ 3 ಪಟ್ಟು, ಯು ಬೆಳೆಯುವ ವೇಗ ಎಕ್ಸ್‌ಗಿಂತ 2 ಪಟ್ಟು ಆದರೆ, ವೈ ಎಕ್ಸ್‌ಗಿಂತ 6 ಪಟ್ಟು ವೇಗ. ಗುಣಾಕಾರ ಯಾಕೆ ಅನ್ನೋದು ಅಲ್ಲೇ ಗೊತ್ತಾಗುತ್ತದೆ. ಕೋಷಂಟ್ ರೂಲ್ ಅನ್ನೂ ಬೇರೆ ಕಲಿಸಲಿಲ್ಲ. ಭಾಗಾಕಾರವನ್ನು ವಿ ಪವರ್ ಮೈನಸ್ 1ರ ಗುಣಾಕಾರವಾಗಿ ಬರೆದು, ಎರಡೂ ನಿಯಮ ಹಾಕಿ, ನಮ್ಮಿಂದಲೇ ಹೊರಡಿಸಿದರು.

ವರ್ಷದ ಕೊನೆಗೆ ಎಕ್ಸ್ ಪವರ್ ಎಕ್ಸ್ ಕೊಟ್ಟರು. ಘಾತದಲ್ಲೂ ಎಕ್ಸ್, ಬುಡದಲ್ಲೂ ಎಕ್ಸ್. ನಮಗೆ ಗೊತ್ತಿದ್ದ ಪವರ್ ರೂಲ್ ಘಾತ ಬರೀ ಸಂಖ್ಯೆಯಾದಾಗಿನದು, ಇಲ್ಲಿ ನೇರವಾಗಿ ಹೊಂದುವುದಿಲ್ಲ. ಇ ಪವರ್ ಎಕ್ಸ್ ಲಾಗ್ ಎಕ್ಸ್ ಎಂದು ಬದಲಿಸಿ ಬರೆದು (ಇ ಅನ್ನೋದು ಸುಮಾರು 2.718 ಆಗುವ ಸಂಖ್ಯೆ, ಲಾಗ್ ಅದೇ ಬುಡದ್ದು), ಮತ್ತೆ ಅದೇ ಪ್ರಶ್ನೆ ಕೇಳಿದರು. ಕೊನೆಗೆ ಮಾಡುವುದು ಇ ಘಾತ, ಅದಕ್ಕೆ ಚೈನ್. ಒಳಗೆ ಎಕ್ಸ್ ಇಂಟು ಲಾಗ್ ಎಕ್ಸ್, ಅದಕ್ಕೆ ಪ್ರಾಡಕ್ಟ್. ಲಾಗ್ ಎಕ್ಸ್‌ಗೆ 1 ಕೂಡಿಸಿ, ಅದನ್ನು ಎಕ್ಸ್ ಪವರ್ ಎಕ್ಸ್‌ನಿಂದ ಗುಣಿಸಿದರೆ ಉತ್ತರ. ಅವತ್ತು ಮೇಡಂ ಚಾಕ್‌ಪೀಸನ್ನು ನಮ್ಮ ಕೈಗೇ ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು.