ಪಿನ್ನು ಹೊಡೆದ ಫೈಲು

ನನ್ನ ಬ್ಯಾಗಿನಲ್ಲಿ ಒಂದು ಫೈಲಿದೆ. ಅದರಲ್ಲಿರುವ ಒಂದಕ್ಷರವನ್ನೂ ನಾನು ಓದಲಾರೆ. ಆದರೆ ಅದನ್ನು ಬಿಟ್ಟು ಬ್ಯಾಂಕಿಗಾಗಲಿ, ಸರ್ಕಾರಿ ಕಚೇರಿಗಾಗಲಿ ಕಾಲಿಡುವುದಿಲ್ಲ.

ನಾನು ಹುಟ್ಟು ಕುರುಡ. ಮನೆ ಮೈಸೂರಲ್ಲಿ. ನಂಜನಗೂಡು ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಫೈಲಿನಲ್ಲಿರುವುದೆಲ್ಲ ಅಚ್ಚಾದ ಕಾಗದ. ಸುತ್ತೋಲೆ, ಕಾಯ್ದೆ, ತೀರ್ಪು. ಯಾವುದು ಯಾವುದೆಂದು ತಿಳಿಯಲಿ ಅಂತ ಮಗಳು ಎಡಮೂಲೆಯಲ್ಲಿ ಸ್ಟೇಪ್ಲರ್ ಪಿನ್ನು ಹೊಡೆದುಕೊಟ್ಟಿದ್ದಾಳೆ. ಒಂದು ಪಿನ್ನು ಅಂದರೆ ಬ್ಯಾಂಕು. ಎರಡು, ಪರೀಕ್ಷೆ. ಮೂರು, 2016ರ ಕಾಯ್ದೆ. ನಾಲ್ಕು, ಸುಪ್ರೀಂ ಕೋರ್ಟು. ಬ್ರೈಲ್ ಚೀಟಿ ಅಂಟಿಸಿ ನೋಡಿದ್ದೆ. ಜೆರಾಕ್ಸ್ ಅಂಗಡಿಗೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಕಿತ್ತು ಬಂತು. ಪಿನ್ನೇ ಗಟ್ಟಿ.

ಒಂದು ಪಿನ್ನಿನದು ಹಳೇ ಕಥೆ. 2009ರಲ್ಲಿ ಕೆಲಸ ಸಿಕ್ಕಿತು. ಸಂಬಳದ ಖಾತೆ ತೆರೆಯಲು ಬ್ಯಾಂಕಿಗೆ ಹೋದೆ. ಜೊತೆಗೆ ಅಪ್ಪ ಇದ್ದರು. ಕೌಂಟರಿನವರು ನನ್ನನ್ನು ಏನೂ ಕೇಳಲಿಲ್ಲ. ಅಪ್ಪನನ್ನು ಕೇಳಿದರು, "ಇವರ ಹೆಸರೇನು? ಇವರಿಗೆ ಹೆಬ್ಬೆಟ್ಟು ಹಾಕಕ್ಕೆ ಬರುತ್ತಾ?" ಏಳನೇ ಕ್ಲಾಸು ಓದಿದ ಅಪ್ಪ ರುಜು ಹಾಕಿದರು. ಎಂ.ಎ., ಬಿ.ಎಡ್. ಮಾಡಿದ ನಾನು ಹೆಬ್ಬೆಟ್ಟು ಒತ್ತಿದೆ. ಚೆಕ್‌ಬುಕ್ ಇಲ್ಲ, ಎಟಿಎಂ ಕಾರ್ಡ್ ಇಲ್ಲ. ದುಡ್ಡು ತೆಗೆಯಲು ಪ್ರತಿ ಸಲ ನಾನೇ ಬರಬೇಕು, ಜೊತೆಗೊಬ್ಬ ಸಾಕ್ಷಿ ಬೇಕು. "ನಿಮ್ಮ ಒಳ್ಳೇದಕ್ಕೇ ಸಾರ್" ಅಂದರು. ಈ ಮಾತಿನಷ್ಟು ಸಿಟ್ಟು ತರಿಸುವ ಮಾತು ನನಗೆ ಇನ್ನೊಂದಿಲ್ಲ.

ಇದೆಲ್ಲ ಮಾಡಬಾರದು ಅಂತ ರಿಸರ್ವ್ ಬ್ಯಾಂಕು 2008ರ ಜೂನ್ 4ರಂದೇ ಎಲ್ಲ ಬ್ಯಾಂಕುಗಳಿಗೂ ಬರೆದಿತ್ತು. ಕಣ್ಣಿಲ್ಲದವರಿಗೂ ಚೆಕ್‌ಬುಕ್, ಎಟಿಎಂ, ಲಾಕರ್ ಎಲ್ಲ ಕೊಡಬೇಕು, ಭೇದ ಮಾಡಬಾರದು ಅಂತ. ಕಾಗದ ಬಂದು ವರ್ಷವಾಗಿತ್ತು, ಕೌಂಟರಿಗೆ ಮಾತ್ರ ಬಂದಿರಲಿಲ್ಲ. ಗೆಳೆಯನೊಬ್ಬ ಪ್ರಿಂಟ್ ತೆಗೆದುಕೊಟ್ಟ. ಮ್ಯಾನೇಜರ್ ಮುಂದೆ ಇಟ್ಟೆ. ಅವರು ಓದುವಾಗ ಹಾಳೆ ತಿರುಗಿಸುವ ಸದ್ದು ಕೇಳುತ್ತಾ ಕೂತಿದ್ದೆ. ಎರಡು ಸಲ ಓದಿದರು ಅಂತ ಕಾಣುತ್ತದೆ. ಆಮೇಲೆ ಟೀ ತರಿಸಿದರು.

ರುಜು ಕಲಿತಿದ್ದು ಆ ವಾರ. ಅಪ್ಪ ತಮ್ಮ ಹಳೇ ಎಕ್ಸ್‌ರೇ ಹಾಳೆಯಲ್ಲಿ ಬ್ಲೇಡಿನಿಂದ ಉದ್ದಕ್ಕೊಂದು ಕಂಡಿ ಕೊರೆದರು. ಕಂಡಿಯೊಳಗೆ ಪೆನ್ನು ಓಡಿಸಬೇಕು, ಅಂಚಿಗೆ ತಾಗಿದರೆ ವಾಪಸ್ ಬರಬೇಕು. ಒಂದು ನೋಟ್‌ಬುಕ್ ಪೂರ್ತಿ ಖರ್ಚಾಯಿತು. ಅಪ್ಪ ಈಗಿಲ್ಲ. ಅವರ ಎದೆಗೂಡಿನ ಎಕ್ಸ್‌ರೇ ಇನ್ನೂ ಫೈಲಿನಲ್ಲೇ ಇದೆ.

ಎರಡು ಪಿನ್ನಿನ ಕಾಗದ ನನ್ನ ಪರೀಕ್ಷೆಗಳು ಮುಗಿದ ಮೇಲೆ ಬಂತು. ನಮ್ಮ ಕಾಲದಲ್ಲಿ ಪರೀಕ್ಷೆ ಬರೆದುಕೊಡುವ ಹುಡುಗ ನಮಗಿಂತ ಸಣ್ಣ ಕ್ಲಾಸಿನವನಾಗಿರಬೇಕಿತ್ತು. ಅವನೇ ಉತ್ತರ ಹೇಳಿಬಿಟ್ಟಾನು ಅನ್ನುವ ಭಯ! ಎಂ.ಎ. ಹಳಗನ್ನಡ ಪತ್ರಿಕೆಗೆ ನನಗೆ ಸಿಕ್ಕವನು ಒಂಬತ್ತನೇ ಕ್ಲಾಸಿನವನು. ಒಂದು ಕಡೆ ಹಳಗನ್ನಡದ ಇನ್ನೊಂದು 'ರ' ಬರಬೇಕಿತ್ತು, "ಶಕಟರೇಫ ಹಾಕು" ಅಂದೆ. "ಅಣ್ಣ, ಅದು ಹೆಂಗಿರುತ್ತೆ?" ಅಂದ. ನನಗೆ ಅದರ ಹೆಸರು ಗೊತ್ತು, ಉಚ್ಚಾರ ಗೊತ್ತು, ಚರಿತ್ರೆಯೂ ಗೊತ್ತು. ಆಕಾರ ಗೊತ್ತಿಲ್ಲ. ಅವನಿಗೆ ಯಾವುದೂ ಗೊತ್ತಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಕೊನೆಗೆ ಮಾಮೂಲಿ 'ರ' ಹಾಕಿಸಿದೆ.

2013ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ತಂದಿತು. ಬರೆಯುವವರನ್ನು ನಾವೇ ಕರೆತರಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕು ಅಂತ ಅದರಲ್ಲಿತ್ತು. 2021ರಲ್ಲಿ ಸುಪ್ರೀಂ ಕೋರ್ಟು ವಿಕಾಸ್ ಕುಮಾರ್ ಎಂಬುವರ ಮೊಕದ್ದಮೆಯಲ್ಲಿ ಇನ್ನೂ ಮುಂದೆ ಹೋಯಿತು. ಅವರಿಗೆ ಕೈ ಸೆಟೆದುಕೊಳ್ಳುವ ತೊಂದರೆ, ಬರೆಯಲು ಆಗುವುದಿಲ್ಲ. ಅಂಗವೈಕಲ್ಯದ ಪ್ರಮಾಣ ಶೇ. 40 ಮುಟ್ಟದಿದ್ದರೂ ಬೇಕಾದವರಿಗೆ ಸಹಾಯಕರನ್ನು ಕೊಡಬೇಕು ಅಂದಿತು ಕೋರ್ಟು. ಈ ಎರಡು ಪಿನ್ನನ್ನು ನಾನು ಈಗ ನನಗಾಗಿ ಅಲ್ಲ, ಶಾಲೆಯ ಮಕ್ಕಳಿಗಾಗಿ ತೆಗೆಯುತ್ತೇನೆ.

ಮೂರು ಪಿನ್ನು ದಪ್ಪ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ. ವಿಶ್ವಸಂಸ್ಥೆಯ ಒಪ್ಪಂದಕ್ಕೆ ಭಾರತ 2007ರಲ್ಲೇ ಒಪ್ಪಿತ್ತು. ಅದಕ್ಕೆ ಹೊಂದುವ ಕಾಯ್ದೆ ಬರಲು ಒಂಬತ್ತು ವರ್ಷ ಹಿಡಿಯಿತು. 1995ರ ಹಳೇ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇತ್ತು, ಈಗ 21. ಸರ್ಕಾರಿ ಕೆಲಸದ ಮೀಸಲಾತಿ ಶೇ. 3ರಿಂದ 4 ಆಯಿತು. ಇದನ್ನೆಲ್ಲ ಪೇಪರಿನಲ್ಲಿ ನೀವೂ ಓದಿರುತ್ತೀರಿ. ನನಗೆ ಇದರ ಬೆಲೆ ಗೊತ್ತಾಗಿದ್ದು ಸ್ಟಾಫ್ ರೂಮಿನಲ್ಲಿ. ಎಂಟನೇ ಕ್ಲಾಸಿನ ಒಬ್ಬ ಹುಡುಗ, ಬಾಯಲ್ಲಿ ಹೇಳು ಅಂದರೆ ಪಾಠ ಪೂರ್ತಿ ಹೇಳುತ್ತಾನೆ, ಬರೆ ಅಂದರೆ ಅಕ್ಷರ ಅದಲು ಬದಲು. "ದಡ್ಡ, ಬಿಡಿ ಸಾರ್" ಅನ್ನುತ್ತಿದ್ದರು. ನಾನು ಅವನ ನೋಟ್ಸು ನೋಡುವ ಹಾಗಿಲ್ಲವಲ್ಲ, ಮಾತಷ್ಟೇ ಕೇಳುತ್ತಿದ್ದೆ. ಹಾಗಾಗಿ ನನ್ನ ಪಾಲಿಗೆ ಅವನು ಕ್ಲಾಸಿಗೇ ಚುರುಕು. ಕಲಿಕಾ ನ್ಯೂನತೆ ಆ 21ರಲ್ಲಿ ಒಂದು. ಅಪ್ಪ ಅಮ್ಮನನ್ನು ಕರೆಸಿ, ಪರೀಕ್ಷೆ ಮಾಡಿಸಿ, ಕಾಗದ ಪತ್ರ ಮಾಡಿಸುವಷ್ಟರಲ್ಲಿ ಎಂಟು ತಿಂಗಳಾಯಿತು. ಎಸ್ಸೆಸ್ಸೆಲ್ಸಿ ಪಾಸಾದ. ಈಗ ಐಟಿಐನಲ್ಲಿದ್ದಾನೆ.

ಹೆಸರಿನ ವಿಷಯಕ್ಕೆ ಬಂದರೆ, ನಾನು ಒಂದೇ ಜನ್ಮದಲ್ಲಿ ಅಂಗವಿಕಲ, ವಿಕಲಚೇತನ, ದಿವ್ಯಾಂಗ ಎಲ್ಲ ಆಗಿದ್ದೇನೆ. ದಿವ್ಯ ಸೇರಿಕೊಂಡ ಮೇಲೆ ಬಸ್ಸಿನಲ್ಲಿ ಸೀಟೇನೂ ಬೇಗ ಸಿಗುತ್ತಿಲ್ಲ.

ಫೈಲಿನಲ್ಲಿ ಇಲ್ಲದ ಒಂದು ವಿಷಯ ಹೇಳಬೇಕು. ನೋಟು. ಹಳೇ ನೂರರ ನೋಟು 157 ಮಿಲಿಮೀಟರ್ ಉದ್ದ, ಐನೂರರದು 167. ಒಂದು ಸೆಂಟಿಮೀಟರ್ ವ್ಯತ್ಯಾಸ. ತೋರುಬೆರಳು ಮಧ್ಯದ ಬೆರಳ ನಡುವೆ ಇಟ್ಟರೆ ಸಾಕು, ತಕ್ಷಣ ಗೊತ್ತಾಗುತ್ತಿತ್ತು. 2016ರ ನವೆಂಬರ್ 8ರ ನಂತರ ಬಂದ ನೋಟುಗಳಲ್ಲಿ ನೂರು 142, ಇನ್ನೂರು 146, ಐನೂರು 150. ಅಗಲ ಎಲ್ಲದಕ್ಕೂ 66. ನಾಲ್ಕು ಮಿಲಿಮೀಟರ್ ಅಂದರೆ ಎಷ್ಟು ಗೊತ್ತಾ? ಒಂದು ಕಡಲೆಬೇಳೆ. ಮೂಲೆ ಮಡಚಿದ ನೋಟಾದರೆ ಮುಗಿಯಿತು. ಅಂಚಿನಲ್ಲಿ ಉಬ್ಬುಗೆರೆ ಇವೆ, ನಿಜ. ಹೊಸ ನೋಟಿನಲ್ಲಿ ಸಿಗುತ್ತವೆ. ನಾಲ್ಕು ಜೇಬು ದಾಟಿದ ಮೇಲೆ ಸವೆದು ಹೋಗಿರುತ್ತವೆ. ದೇವರಾಜ ಮಾರ್ಕೆಟ್ಟಿನ ವೀಳ್ಯದೆಲೆ ಅಜ್ಜಿಗೆ ಒಂದು ಸಲ ಇನ್ನೂರು ಅಂತ ಐನೂರು ಕೊಟ್ಟುಬಿಟ್ಟಿದ್ದೆ. "ಬುದ್ಧೀ, ಇದು ದೊಡ್ಡ ನೋಟು" ಅಂತ ಕೈಹಿಡಿದು ವಾಪಸ್ ಇಟ್ಟರು. ಎಲ್ಲರೂ ಆ ಅಜ್ಜಿ ಅಲ್ಲ. 2020ರ ಜನವರಿ 1ರಂದು ರಿಸರ್ವ್ ಬ್ಯಾಂಕು ಮಣಿ ಅನ್ನುವ ಆಪ್ ತಂದಿತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಹೇಳುತ್ತದೆ, ಇಂಟರ್‌ನೆಟ್ಟೂ ಬೇಡ. ಒಳ್ಳೆಯದೇ. ಆದರೆ ಸಂತೆಯಲ್ಲಿ ಒಂದು ಕೈಲಿ ಕೋಲು, ಒಂದು ಕೈಲಿ ಚೀಲ. ಮೊಬೈಲ್ ಹಿಡಿಯಲು ಮೂರನೇ ಕೈ ಯಾರು ಕೊಡುತ್ತಾರೆ?

ಇನ್ನು, ಕಾಗದ ಬದಲು ಮೊಬೈಲಲ್ಲೇ ಆದೇಶಗಳನ್ನು ಇಟ್ಟುಕೊಳ್ಳಬಹುದಲ್ಲ ಅಂತ ಕೇಳುವವರಿದ್ದಾರೆ. ಇಟ್ಟುಕೊಂಡಿದ್ದೇನೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅನ್ನುವ ಓದುವ ತಂತ್ರಾಂಶ ಇದೆ, ಪುಕ್ಕಟೆ. ಯೂನಿಕೋಡ್ ಕನ್ನಡ ಕೊಟ್ಟರೆ ಗಡಗಡ ಓದುತ್ತದೆ. ಆದರೆ ಹಳೇ ನುಡಿ ಫಾಂಟಿನಲ್ಲಿ ಟೈಪಾದ ಕಡತದಲ್ಲಿ 'ಕರ್ನಾಟಕ' ಅಂತ ಇದ್ದರೆ ನನಗೆ ಕೇಳಿಸುವುದು ಹೀಗೆ: "ಪಿ, ಎ ಗ್ರೇವ್, ಪೌಂಡ್, ಎ ಅಕ್ಯೂಟ್..." ಕಣ್ಣಿಗೆ ಮಾತ್ರ ಕನ್ನಡ, ಒಳಗೆಲ್ಲ ಇಂಗ್ಲಿಷ್ ಕೀಲಿಗಳು. ನುಡಿಯನ್ನು ಬೈಯುತ್ತಿಲ್ಲ, ಅದು ಬಂದ ಕಾಲಕ್ಕೆ ಅದು ದೊಡ್ಡ ಉಪಕಾರ, ಈಗ ಅದರಲ್ಲೂ ಯೂನಿಕೋಡ್ ಇದೆ. ಟೈಪ್ ಮಾಡುವವರ ಬೆರಳು ಹಳೇ ದಾರಿ ಬಿಟ್ಟಿಲ್ಲ, ಅಷ್ಟೇ. ಅದಕ್ಕಿಂತ ಜಾಸ್ತಿ ಕಷ್ಟ ಇನ್ನೊಂದು: ಪ್ರಿಂಟ್ ತೆಗೆದು, ಸೀಲು ಹೊಡೆದು, ಓರೆಯಾಗಿ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್. ನನ್ನ ಮಟ್ಟಿಗೆ ಅದು ಖಾಲಿ ಹಾಳೆ. ವಿಕಲಚೇತನರ ಸೌಲಭ್ಯದ ಬಗ್ಗೆಯೇ ಇರುವ ಆದೇಶವೊಂದು ಹಾಗೆ ಬಂದಿತ್ತು. ಮಗಳು ಓದಿ ಹೇಳಿದಳು.

ನಾಲ್ಕನೇ ಪಿನ್ನಿನದು ನನಗೆ ಇಷ್ಟವಾದ ತೀರ್ಪು, ಯಾಕೆಂದರೆ ಅದು ವ್ಯಾಕರಣದ ತೀರ್ಪು. ರಾಜೀವ್ ರತೂರಿ ಅನ್ನುವ ದೃಷ್ಟಿದೋಷವಿರುವ ಒಬ್ಬರು ರಸ್ತೆ, ಕಟ್ಟಡ, ಬಸ್ಸು ನಮಗೂ ಬಳಸುವ ಹಾಗಿರಲಿ ಅಂತ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರಲ್ಲಿ ಒಂದು ತೀರ್ಪು ಬಂತು. ಕೆಲಸ ಆಗಲಿಲ್ಲ. 2024ರ ನವೆಂಬರ್ 8ರಂದು ಇನ್ನೊಂದು ಬಂತು. ಹೌದು, ಅದೇ ನವೆಂಬರ್ 8. ಕಾಯ್ದೆಯಲ್ಲಿ 'ಮಾಡಬೇಕು' ಅಂತಿದೆ. ಅದರ ಕೆಳಗೆ ಬರೆದ 15ನೇ ನಿಯಮದಲ್ಲಿ ಬರೀ ಸಲಹೆಗಳು, ಅಂದರೆ 'ಮಾಡಬಹುದು'. ಇದು ನಡೆಯುವುದಿಲ್ಲ ಅಂತ ಕೋರ್ಟು ಆ ನಿಯಮವನ್ನು ತೆಗೆದುಹಾಕಿ, ಕಡ್ಡಾಯ ನಿಯಮ ಮಾಡಲು ಮೂರು ತಿಂಗಳ ಗಡುವು ಕೊಟ್ಟಿತು. ಬಹುದು, ಬೇಕು ಇವೆರಡರ ಅಂತರವನ್ನು ನಾನು ಹದಿನೈದು ವರ್ಷದಿಂದ ಕರಿಹಲಗೆ ಮುಂದೆ ನಿಂತು ಹೇಳುತ್ತಲೇ ಇದ್ದೇನೆ. ಅಂತರ ಎಷ್ಟು ಅಂತ ನೋಡಬೇಕಿದ್ದರೆ ನಾನು ಹೋಗುವ ಒಂದು ಕಚೇರಿಯ ಇಳಿಜಾರು ನೋಡಬೇಕು. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಲ್ಲಿರುವುದು ನಾಲ್ಕಡಿ. ಗಾಲಿಕುರ್ಚಿಯಲ್ಲಿ ಓಡಾಡುವ ನನ್ನ ಗೆಳೆಯ ಅದನ್ನು ಜಾರುಬಂಡೆ ಅನ್ನುತ್ತಾನೆ. ಸಾಲದ್ದಕ್ಕೆ ಅದರ ಬಾಯಿಗೇ ಯಾರದೋ ಸ್ಕೂಟರ್.

ಹೊಸ ಕಾಗದ ಮೊನ್ನೆ ಸೇರಿತು. ಕೆವೈಸಿ, ಅಂದರೆ ಗುರುತಿನ ತಪಾಸಣೆ, ಮಾಡಿಸಿ ಅಂತ ಬ್ಯಾಂಕಿನಿಂದ ಮೆಸೇಜ್ ಬಂದಿತ್ತು. ಮೊಬೈಲಲ್ಲೇ ಆಗುತ್ತದಂತೆ. ಆಪ್ ತೆರೆದೆ. ಕ್ಯಾಮೆರಾ ಆನ್ ಆಯಿತು, ಆಮೇಲೆ ಸದ್ದಿಲ್ಲ. ಮಗಳನ್ನು ಕರೆದೆ.

"ಅಪ್ಪ, ಮುಖ ಈ ಸುತ್ತಿನೊಳಗೆ ಬರಬೇಕಂತೆ. ಬಲಕ್ಕೆ. ಅಯ್ಯೋ, ಅಷ್ಟಲ್ಲ. ಹಾಂ. ಈಗ ಕಣ್ಣು ಮಿಟುಕಿಸಬೇಕಂತೆ."

ನನ್ನ ರೆಪ್ಪೆ ಅರ್ಧ ಮಾತ್ರ ತೆರೆಯುವುದು. ಮಿಟುಕಿಸಿದೆ, ಅಂದುಕೊಂಡೆ. ಆಗಲಿಲ್ಲ. ಮತ್ತೆ, ಮತ್ತೆ. ಆರನೇ ಸಲಕ್ಕೆ ಮಗಳಿಗೆ ನಗು ತಡೆಯಲಾಗಲಿಲ್ಲ. "ನೀನು ಬದುಕಿದ್ದೀಯ ಅಂತ ಇದು ನಂಬ್ತಾನೇ ಇಲ್ಲ ಅಪ್ಪ!"

ಇದೇ ತೊಂದರೆಗೆ ಇಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಒಬ್ಬರು ಪ್ರಜ್ಞಾ ಪ್ರಸೂನ್, ಆ್ಯಸಿಡ್ ದಾಳಿಯಲ್ಲಿ ಬದುಕುಳಿದವರು. ಇನ್ನೊಬ್ಬರು ಅಮರ್ ಜೈನ್, ನನ್ನ ಹಾಗೇ ಕಣ್ಣಿಲ್ಲದವರು. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಎಲ್ಲರ ಕೈಗೂ ಸಿಗುವುದು ಬದುಕುವ ಹಕ್ಕಿನದೇ ಭಾಗ ಅಂತ ಹೇಳಿ, 20 ನಿರ್ದೇಶನ ಕೊಟ್ಟರು. ಕಣ್ಣು ಮಿಟುಕಿಸುವುದೊಂದೇ ದಾರಿ ಆಗಬಾರದು ಅನ್ನುವುದು ಅದರಲ್ಲಿದೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದೆ. ದಪ್ಪ ಕಟ್ಟು. ಮಗಳು ಸ್ಟೇಪ್ಲರ್ ಒತ್ತಿದಳು, ಪಿನ್ನು ಸೊಟ್ಟಗಾಯಿತು. ಇನ್ನೊಂದು ಸಲ ಒತ್ತಿದಳು. "ಇದಕ್ಕೆ ಪಿನ್ನು ಹಿಡಿಯಲ್ಲ ಅಪ್ಪ" ಅಂತ ತೂತು ಹೊಡೆದು, ಶಾಲೆಯ ಉತ್ತರಪತ್ರಿಕೆಗೆ ಕಟ್ಟುವ ದಾರ ಹಾಕಿ ಗಂಟು ಬಿಗಿದಳು. ಹಾಗಾಗಿ ಐದನೆಯದರ ಗುರುತು ಪಿನ್ನಲ್ಲ, ಗಂಟು.

ನಾಳೆ ಎರಡನೇ ಶನಿವಾರ, ಬ್ಯಾಂಕಿಲ್ಲ. ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ.